ತಂಗಿ ಉಡಿಸಿದ ಪೊಲ್ಯೆರಾ

ನಮ್ಮ ಎಲ್ ಆಲ್ತೊ ಊರಿನಲ್ಲಿ ಹೆಂಗಸರೆಂದರೆ ಎರಡೇ ಬಗೆ. ನೆರಿಗೆ ಲಂಗ ಉಡುವ ಪೊಲ್ಯೆರಾದವರು, ಮಿಕ್ಕವರೆಲ್ಲ ಗೌನಿನವರು. ನಾನು ಪೊಲ್ಯೆರಾದವಳು. ಬಸ್ಸಿನಲ್ಲಿ "ಏ ಪೊಲ್ಯೆರಾ, ಸರಿ ಆಚೆ" ಅನ್ನಿಸಿಕೊಂಡೇ ಬೆಳೆದವಳು. ತಂಗಿ ದೆಲ್ಫಿನಾ ಓದಲು ಹೋಗಿ ಗೌನಿಗೆ ಬದಲಾದಳು, ಈಗ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅವಳನ್ನು ಯಾರೂ ಆಚೆ ಸರಿಸಲಿಲ್ಲ.

ಈಗ ಕಾಲ ತಿರುಗಿದೆ, ಪೊಲ್ಯೆರಾ ಎಂದರೆ ಹೆಮ್ಮೆ. ದೆಲ್ಫಿನಾ ಹಬ್ಬಕ್ಕೊಮ್ಮೆ ಉಟ್ಟು ಬಂದರೆ ಕೇರಿಯೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತದೆ. ದಿನಾ ಉಡುವ ನನ್ನನ್ನು ಯಾರು ನೋಡುತ್ತಾರೆ? ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ.

ಈ ಸಲದ ಹಬ್ಬಕ್ಕೆ ನನ್ನ ಮಗಳು ನಯ್ರಾ ಕೇರಿಯ ಕುಣಿತದ ತಂಡಕ್ಕೆ ಸೇರಿದಳು. ಅವಳ ಮೊದಲ ಪೊಲ್ಯೆರಾ. ನಾನೇ ಉಡಿಸಬೇಕೆಂದು ಕಾದಿದ್ದೆ. ಅವಳು ನೋಡಿದರೆ ಚಿಕ್ಕಮ್ಮನೇ ಉಡಿಸಲಿ ಎಂದಳು.

"ಚಿಕ್ಕಮ್ಮಂಗೆ ಆ ಹೆಸ್ರು ಎಲ್ಲಿಂದ ಬಂತು ಅಂತಾನೂ ಗೊತ್ತಮ್ಮ. ಸ್ಪೇನಿನವ್ರು ಕೋಳಿಮರಿ ಕೂಡಿಹಾಕೋ ಬುಟ್ಟಿಗೆ ಪೊಲ್ಯೆರಾ ಅಂತಿದ್ರಂತೆ. ಲಂಗಾನೂ ಹಂಗೇ ಉಬ್ಬಿರತ್ತಲ್ಲ, ಅದಕ್ಕೆ ಅದೇ ಹೆಸ್ರಂತೆ. ನಿಂಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಇಷ್ಟು ವರ್ಷ ಉಟ್ಟರೂ ಒಂದು ದಿನವೂ ಯೋಚಿಸಿದವಳಲ್ಲ.

"ಕೋಳಿಬುಟ್ಟಿ ಉಡಿಸೋಕೆ ಅವಳೇ ಸರಿ ಬಿಡು," ಎಂದು ಒಲೆಯ ಕಡೆ ತಿರುಗಿದೆ.

ಹಬ್ಬದ ಬೆಳಿಗ್ಗೆ ದೆಲ್ಫಿನಾ ಬಂದು ನಯ್ರಾಳ ನೆರಿಗೆ ಹರಡಿ, ಸೊಂಟಕ್ಕೆ ಲಾಡಿ ಬಿಗಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಗಂಟು ಸಡಿಲವಾಗಿ ಕಂಡಿತು. ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ನಡುಬೀದಿಯಲ್ಲಿ ಜಾರಲಿ, ಯಾರ ಕೈ ಎಂಥದ್ದೆಂದು ಆಗ ಮಗಳಿಗೆ ತಿಳಿಯಲಿ ಎಂದುಕೊಂಡೆ. ಹೆತ್ತ ತಾಯಿಯಾಗಿಯೂ ಹಾಗೆ ಬಯಸಿದೆ.

ಮೆರವಣಿಗೆ ಹೊರಟಿತು. ಎಲ್ಲರೂ ಕುಣಿತ ನೋಡಿದರು, ನಾನು ಮಗಳ ಸೊಂಟವನ್ನೇ ನೋಡುತ್ತ ನಿಂತೆ. ಅವಳು ಗಿರಗಿರನೆ ತಿರುಗಿದಳು, ಬಗ್ಗಿದಳು, ಎದ್ದಳು. ಗಂಟು ಒಂದಿಷ್ಟೂ ಜಾರಲಿಲ್ಲ.

ನನ್ನ ಪಕ್ಕ ನಿಂತಿದ್ದ ದೆಲ್ಫಿನಾಳನ್ನು ಹೆಂಗಸೊಬ್ಬಳು ಕೇಳಿದಳು, ಎಷ್ಟು ಚೆಂದ ಉಟ್ಟಿದ್ದಾಳೆ, ನಿಮ್ಮ ಮಗಳಾ ಎಂದು.

"ಅಲ್ಲ, ನಮ್ಮಕ್ಕನ ಮಗಳು," ಎಂದು ದೆಲ್ಫಿನಾ ನನ್ನ ಹೆಗಲ ಮೇಲೆ ಕೈಯಿಟ್ಟಳು. "ನಿಜವಾದ ಪೊಲ್ಯೆರಾದವಳು ಇವಳು ಕಣ್ರೀ. ನಂದೆಲ್ಲ ಹಬ್ಬದ ವೇಷ. ಆ ಗಂಟು ಹಾಕೋಕೂ ಚಿಕ್ಕಂದಿನಲ್ಲಿ ಇವಳೇ ಕಲಿಸಿದ್ದು."

ಆ ಹೆಂಗಸು ನನ್ನ ಕೈ ಹಿಡಿದು ಕುಲುಕಿದಳು. ನಾನು ಹಿಗ್ಗಬೇಕಿತ್ತು, ಮೈಯೆಲ್ಲ ಉರಿದುಹೋಯಿತು. ಓದು ಅವಳಿಗೆ ಸಿಕ್ಕಿತು, ಮರ್ಯಾದೆ ಸಿಕ್ಕಿತು, ನನ್ನ ಮಗಳೂ ಅವಳ ಬೆನ್ನು ಹತ್ತಿದಳು. ದೊಡ್ಡ ಮನಸ್ಸೊಂದನ್ನಾದರೂ ನನಗೆ ಬಿಡಬಾರದಿತ್ತೇ?