ಇಪ್ಪತ್ತು ಸುತ್ತು

ಮಕ್ಕಳೆಂದರೆ ಅಳುತ್ತವೆ, ಅದಕ್ಕೇನು ದೊಡ್ಡ ಕತೆ ಎನ್ನುವವರನ್ನು ಅರವತ್ತನಾಲ್ಕನೇ ಇಸವಿಯ ಆಸಾಡಿಯಲ್ಲಿ ಕುಂದಾಪುರದ ಕೋಡಿಗೆ ತಂದು ನಮ್ಮ ಮನೆಯ ಜಗಲಿಯಲ್ಲಿ ಒಂದು ವಾರ ಕೂರಿಸಬೇಕಿತ್ತು. ನನ್ನ ಮಗಳು ರತ್ನ ಹುಟ್ಟಿದ ಹದಿನೈದನೇ ದಿನಕ್ಕೆ ಅಳಲು ಶುರು ಮಾಡಿದವಳು, ನಾಲ್ಕು ತಿಂಗಳಾದರೂ ನಿಲ್ಲಿಸಿರಲಿಲ್ಲ. ಹಾಲು ಕುಡಿದರೂ ಅಳು, ಕುಡಿಯದಿದ್ದರೂ ಅಳು. ಡಾಕ್ಟರು ಹೊಟ್ಟೆ ಒತ್ತಿ ನೋಡಿ ಏನೂ ಇಲ್ಲ ಎಂದರು. ಆನೆಗುಡ್ಡೆಯ ಗಣಪತಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದೆವು. ಹೋಗುವಾಗಲೂ ಅತ್ತಳು, ಬರುವಾಗಲೂ ಅತ್ತಳು.

ಆಸಾಡಿಯ ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಯುವುದಿಲ್ಲ. ಗಂಡಸರಿಗೆ ಬಲೆ ಹೊಲಿಯುವುದು, ಬೀಡಿ ಸೇದುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ದುಡಿಮೆ ಹೆಂಗಸರದ್ದು. ನನ್ನ ಹೆಂಡತಿ ಗುಲಾಬಿ ಒಣಮೀನಿನ ಬುಟ್ಟಿ ಹೊತ್ತು ಬೆಳಿಗ್ಗೆ ಮೊದಲ ಬಸ್ಸಿಗೆ ವಂಡ್ಸೆಯ ಕಡೆ ಹೋದರೆ ಬರುವುದು ಸಂಜೆ. ಅಷ್ಟು ಹೊತ್ತೂ ಮಗು ನನ್ನ ಪಾಲಿಗೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಊರಿಗೆಲ್ಲ ಗೊತ್ತು. ದೋಣಿಯಲ್ಲಿ ಎಂಟು ಜನರನ್ನು ಒಂದು ಕೂಗಿಗೆ ಸುಮ್ಮನಾಗಿಸುವವನು ನಾನು. ಈ ಒಂದು ಮುಷ್ಟಿಯಷ್ಟಿದ್ದ ಜೀವ ನನಗೆ ಕವಡೆ ಕಾಸಿನ ಬೆಲೆ ಕೊಡಲಿಲ್ಲ. ತೊಟ್ಟಿಲು ತೂಗಿ ತೂಗಿ ಒಮ್ಮೊಮ್ಮೆ ನನ್ನ ಕೈ ಬೇಕಾದ್ದಕ್ಕಿಂತ ಜೋರಾಗಿ ತೂಗುತ್ತಿತ್ತು. ಆಗ ನನ್ನ ಕೈಯ ಬಗ್ಗೆ ನನಗೇ ಹೆದರಿಕೆಯಾಗಿ ಅಂಗಳಕ್ಕೆ ಹೋಗಿ ಮಳೆಯಲ್ಲಿ ನಿಲ್ಲುತ್ತಿದ್ದೆ. ಹೆಂಡತಿಗೆ ಇದನ್ನು ಹೇಳಿರಲಿಲ್ಲ.

ಆ ದಿನ ಹೊರಡುವಾಗ ಗುಲಾಬಿ ಹೇಳಿದಳು: "ತೀರಾ ತಡುಕಾತಿಲ್ಲೆ ಅಂದ್ರೆ ಜಾಯ್ಕಾಯಿ ತೇದ್, ಹಾಲಂಗೆ ಕಲ್ಸಿ ಕೊಡಿ. ಇಪ್ಪತ್ತೇ ಸುತ್ತ್. ಹೆಚ್ಚ್ ಆಪುಕಾಗ."

ನಮ್ಮಲ್ಲಿ ಮಕ್ಕಳ ಮದ್ದಿಗೆ ಅಳತೆಯೆಂದರೆ ಸುತ್ತು. ಸಾಣೆಕಲ್ಲಿನ ಮೇಲೆ ಎಷ್ಟು ಸುತ್ತು ತೇಯಬೇಕು ಎನ್ನುವುದೇ ಲೆಕ್ಕ. ಬಜೆ ಐದು, ನಿದ್ದೆ ಬರಿಸುವ ಜಾಯಿಕಾಯಿ ಇಪ್ಪತ್ತು. ಇದು ನನ್ನ ಅಜ್ಜಿಯ ಕಾಲದಿಂದ ನಡೆದುಬಂದ ಲೆಕ್ಕ.

ಒಂಬತ್ತು ಗಂಟೆಯ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಕಲ್ಲು ಇಟ್ಟುಕೊಂಡು ಕೂತೆ. ಇಪ್ಪತ್ತು ಸುತ್ತು ಎಣಿಸಿಯೇ ತೇಯ್ದೆ, ಒಂದೂ ಹೆಚ್ಚಿಲ್ಲ. ನೋಡಿದರೆ ಕಲ್ಲಿನ ಮೇಲೆ ಕಂದು ಬಣ್ಣದ ಗಂಧ ದಪ್ಪಗೆ ನಿಂತಿತ್ತು. ಗುಲಾಬಿ ತೇಯುವಾಗ ಬರೀ ಒಂದು ಕಲೆ ಕಾಣಿಸುತ್ತಿತ್ತು, ಅಷ್ಟೆ. ಕಾರಣ ಆ ಕ್ಷಣವೇ ಹೊಳೆಯಿತು. ಎರಡು ದಿನದ ಹಿಂದೆ ಕಲ್ಲು ಕುಟ್ಟುವ ಗುಡ್ಡ ಎಂಬವನು ಬಂದು ಅರೆಯುವ ಕಲ್ಲು ಒರಟಾಗಲೆಂದು ಉಳಿ ಹಾಕಿದ್ದ. ಆಗ ಗುಲಾಬಿ ಮನೆಯಲ್ಲಿರಲಿಲ್ಲ. ಸಾಣೆಕಲ್ಲೂ ನುಣ್ಣಗಾಗಿದೆ ಎಂದು ನಾನೇ ಅದನ್ನೂ ಅವನ ಮುಂದಿಟ್ಟಿದ್ದೆ. ಅಜ್ಜಿಯ ಇಪ್ಪತ್ತು ಸುತ್ತು ಆ ನುಣುಪು ಕಲ್ಲಿನ ಇಪ್ಪತ್ತು, ಈ ಒರಟು ಕಲ್ಲಿನದ್ದಲ್ಲ.

ಅರ್ಧ ಒರೆಸಿ ತೆಗೆಯಬಹುದಿತ್ತು. ಕೈ ಮುಂದೆಯೂ ಹೋಯಿತು. ಅಷ್ಟರಲ್ಲಿ ತೊಟ್ಟಿಲಿನಿಂದ ಅವಳು ಮತ್ತೆ ಕಿರುಚಿದಳು. ಸಾಯಲಿ ಅತ್ಲಾಗೆ ಎಂದುಕೊಂಡೆ. ಹಾಗೆಂದುಕೊಂಡವನು ನಾನೇ. ಗಂಧವನ್ನೆಲ್ಲ ಬಳಿದು ಹಾಲಿಗೆ ಕಲಸಿ, ಒಳಲೆಯಲ್ಲಿ ಕುಡಿಸಿಬಿಟ್ಟೆ.

ಹತ್ತು ಗಂಟೆಗೆ ಮನೆ ಸುಮ್ಮನಾಯಿತು. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ನಮ್ಮ ಮನೆಯೊಳಗೆ ಕೂತು ಕಡಲಿನ ಸದ್ದು ಕೇಳಿದೆ. ಒಂದು ಬೀಡಿ ಹಚ್ಚಿ ಆರಾಮಾಗಿ ಸೇದಿದೆ, ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನಕ್ಕೆ ಹಾಲು ಕುಡಿಸಲು ಎತ್ತಿದರೆ ಕುತ್ತಿಗೆ ಹಿಂದಕ್ಕೆ ಜೋತಿತು. ಹಾಲು ಕಟಬಾಯಿಯಿಂದ ಹೊರಗೆ ಬಂತು. ಮೂಗಿನ ಹತ್ತಿರ ಬೆರಳಿಟ್ಟೆ. ಉಸಿರು ಇತ್ತು, ಎಣಿಸುವಷ್ಟು ನಿಧಾನವಾಗಿ.

ಅದೇ ಹೊತ್ತಿಗೆ ಪಕ್ಕದ ಮನೆಯ ಉಮಾವತಿ ಬಾಗಿಲಲ್ಲಿ ಇಣುಕಿದಳು. "ಹ್ವಾಯ್ ಭೋಜಣ್ಣ, ಶಿಶು ಮನಿಕಂಡಿತ್ತಾ? ಅಂತೂ ದೇವ್ರ್ ಕಣ್ ಬಿಟ್ಟ!"

"ಹೌದ್, ಮನಿಕಂಡಿತ್ತ್," ಎಂದೆ. ಅವಳ ಕಾಲು ಹಿಡಿದು ಸಹಾಯ ಕೇಳಬೇಕಿತ್ತು. ಡಾಕ್ಟರ ಹತ್ತಿರ ಎತ್ತಿಕೊಂಡು ಓಡಬೇಕಿತ್ತು. ಏನು ಕೊಟ್ಟೆ, ಎಷ್ಟು ಕೊಟ್ಟೆ ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿ ನಾನು ಮಗುವನ್ನು ಮಡಿಲಲ್ಲಿಟ್ಟುಕೊಂಡು ಒಳಗೇ ಕೂತೆ. ಅದಕ್ಕೂ ಮೊದಲು, ಹೇಳಲು ನಾಚಿಕೆಯಾಗುತ್ತದೆ, ಸಾಣೆಕಲ್ಲನ್ನು ಕೊಂಡುಹೋಗಿ ಹೊಳೆಗೆ ಎಸೆದು ಬಂದೆ.

ಮುಖಕ್ಕೆ ನೀರು ಚಿಮುಕಿಸಿದೆ. ಹೆಸರು ಹಿಡಿದು ಕರೆದೆ. ದೋಣಿಯಲ್ಲಿ ಕೂಗುವ ಹಾಗೆ ಕೂಗಿದೆ. ಕೊನೆಗೆ ಅಂಗಾಲಿಗೆ ಬೆರಳಿನಿಂದ ಚಿಮ್ಮಿದೆ. ಒಂದಲ್ಲ, ಎರಡಲ್ಲ. ಅಕ್ಕಿಕಾಳಿನಷ್ಟು ಬೆರಳುಗಳಿದ್ದ ಆ ಕಾಲು ಕೆಂಪಾಗಿ ಬಾತುಕೊಂಡಿತು. "ಮರ್ಕ್ ಮಗಾ, ಒಂದ್ಸಲ ಮರ್ಕ್," ಎಂದು ಅಳುವಂತೆ ಬೇಡುತ್ತ ಅವಳೆದುರು ನಾನೇ ಅಳುತ್ತಿದ್ದೆ. ಉಸಿರಿಗೂ ಉಸಿರಿಗೂ ನಡುವಿನ ಹೊತ್ತು ಉದ್ದವಾಗುತ್ತಿದೆ ಎನಿಸುತ್ತಿತ್ತು.

ಐದೂವರೆಯ ಹೊತ್ತಿಗೆ ರತ್ನಳ ತುಟಿ ಅಲುಗಿತು. ಮತ್ತೊಮ್ಮೆ ಚಿಮ್ಮಿದೆ. ಮುಖ ಕಿವುಚಿ, ಬಾಯಿ ತೆರೆದು, ಸದ್ದಿಲ್ಲದೆ ಒಂದು ಗಳಿಗೆ ಹಾಗೇ ಇದ್ದು, ಆಮೇಲೆ ಕಿರುಚಿದಳು. ಅಂಥ ಒಳ್ಳೆಯ ಸದ್ದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ.

ಗುಲಾಬಿ ಬುಟ್ಟಿ ಇಳಿಸಿ ಒಳಗೆ ಬಂದವಳೇ ಮಗುವನ್ನು ಕಸಿದುಕೊಂಡಳು. ಸೆರಗಿನಡಿ ಹಾಕಿಕೊಳ್ಳುವಾಗ ಕಾಲು ಕಂಡಿತು. ತಿರುಗಿಸಿ ನೋಡಿದಳು. ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು.

"ಇದೆಂತ? ನೀವ್ ಹೊಡ್ದ್ರಿಯಾ ಇದಕ್ಕೆ?"

ನಿಜ ಹೇಳಲು ಬಾಯಿ ತೆರೆದೆ. ಹೊಡೆದದ್ದಕ್ಕಿಂತ ಆ ನಿಜ ದೊಡ್ಡದಾಗಿತ್ತು.

"ಹೌದ್," ಎಂದೆ. "ಹೊಡ್ದೆ."

ಅವಳು ಕೂಗಾಡಲಿಲ್ಲ. ಮರುದಿನ ಬೆಳಿಗ್ಗೆ ಮಗುವನ್ನು ಸೀರೆಯಲ್ಲಿ ಎದೆಗೆ ಕಟ್ಟಿಕೊಂಡು, ತಲೆಯ ಮೇಲೆ ಬುಟ್ಟಿ ಇಟ್ಟು, ಅದರ ಮೇಲಿಂದ ಓಲೆಯ ಗೊರಬು ಹೊದ್ದು, ಆ ಮಳೆಯಲ್ಲೇ ಹೊರಟಳು. "ಬಿಟ್ಟ್ ಹೋಗೆ, ನಾ ಕಾಣ್ತೆ," ಎಂದೆ. ಅವಳು ಹೆಜ್ಜೆ ಬಿರುಸು ಮಾಡಿದಳು. ಗೊರಬಿನ ಅಡಿಯಲ್ಲಿ ರತ್ನ ಅಳುತ್ತಿದ್ದಳು. ಆ ಅಳು ಕಿವಿಗೆ ಬೀಳುವಷ್ಟು ದೂರ ಬಿಟ್ಟು, ಬಸ್ಸು ಹೊರಡುವ ತನಕ, ನಾನು ಮಳೆಯಲ್ಲಿ ತೊಯ್ಯುತ್ತ ಅವರ ಹಿಂದೆ ನಡೆದೆ.