ಮುಸುಕಿನಮ್ಮನ ಪಾದ

ಊರವರು ಅವನನ್ನು ಕಾಲರ್ ಅಂತಲೇ ಕರೆಯುತ್ತಿದ್ದರು. ಬೆಟ್ಟದ ಬುಡದ ಆ ಪುಟ್ಟ ಪೇಟೆಯಲ್ಲಿ ಫೋಟೋ ಸ್ಟುಡಿಯೋ ಅಂತ ಇದ್ದದ್ದು ಅವನದೊಂದೇ. ಯಾರೇ ಬಂದು ಸ್ಟೂಲಿನ ಮೇಲೆ ಕೂರಲಿ, ಅವನು ಮೊದಲು ಮುಟ್ಟುತ್ತಿದ್ದದ್ದು ಕ್ಯಾಮೆರಾವನ್ನಲ್ಲ, ಅವರ ಕಾಲರನ್ನು. ಆಮೇಲೆ ಹಣೆಗೆ ಬಿದ್ದ ಕೂದಲು, ಹೆಗಲಿಗೆ ಅಂಟಿದ ನೂಲಿನ ಎಳೆ, ಗುಂಡಿಯ ಪಕ್ಕದ ಸುಕ್ಕು. ಒಮ್ಮೆ ಕಾಲರೇ ಇಲ್ಲದ ಅಂಗಿ ತೊಟ್ಟು ಬಂದ ಬಡಗಿಯ ಕತ್ತನ್ನೇ ಎರಡು ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿದ್ದನಂತೆ. "ಬಾಗಿಲು ಕೂರಿಸೋವಾಗ ನಾನೂ ಇಷ್ಟು ಜೋರಾಗಿ ತಿರುಗಿಸಲ್ಲ ಸ್ವಾಮಿ" ಅಂದಿದ್ದನಂತೆ ಬಡಗಿ.

ಅವನ ಅಕ್ಕ ಅಂಚೆಯವಳು. ಮೂವತ್ತನಾಲ್ಕು ವರ್ಷ ಹೆಗಲಿಗೆ ಚೀಲ ಹಾಕಿಕೊಂಡು ಬೆಟ್ಟದ ಮೇಲಿನ ಮನೆಗಳಿಗೆ ಕಾಗದ ಹಂಚಿದವಳು. ಮಂಡಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟು, ತಮ್ಮನ ಸ್ಟುಡಿಯೋದ ಮೇಲಿನ ಕೋಣೆಯಲ್ಲಿ ಇದ್ದಳು. ಬೆಳಗ್ಗೆ ಎದ್ದು ಕಿಟಕಿ ತೆರೆದು ಬೆಟ್ಟಕ್ಕೆ ಕೈ ಮುಗಿಯುವುದು, ಸಂಜೆ ಕಿಟಕಿ ಮುಚ್ಚುವಾಗ ಇನ್ನೊಮ್ಮೆ ಮುಗಿಯುವುದು. "ಅಷ್ಟು ವರ್ಷ ಹತ್ತಿಸಿ ಒಂದು ದಿನವೂ ಬೀಳಿಸಲಿಲ್ಲ, ಅದಕ್ಕಾದರೂ ಮುಗೀಬೇಡವಾ?" ಅನ್ನುತ್ತಿದ್ದಳು.

ಆ ಬೆಟ್ಟದಲ್ಲಿ ಅಕ್ಕನಿಗೆ ಒಂದು ಗುಟ್ಟಿತ್ತು. ಕೊನೆಯ ಮನೆಗಿಂತ ಸ್ವಲ್ಪ ಕೆಳಗೆ, ಹಾದಿ ಬಿಟ್ಟು ನೂರು ಹೆಜ್ಜೆ ಆಚೆ, ಹುಲ್ಲಿನ ನಡುವೆ ವರ್ಷಕ್ಕೊಮ್ಮೆ ಒಂದು ಆರ್ಕಿಡ್ ಅರಳುತ್ತಿತ್ತು. ಮರದ ಮೇಲೆ ಕೂರುವ ಜಾತಿಯಲ್ಲ, ನೆಲದ್ದು. ಗೇಣುದ್ದದ ದಂಟು, ಅದರ ತುಂಬ ಹಸಿರು ಬೆರೆತ ಬಿಳಿ ಹೂ. ಒಂದೊಂದು ಹೂವೂ ತಲೆಗೆ ಮುಸುಕು ಹೊದ್ದು ಪ್ರಾರ್ಥನೆಗೆ ಕೂತ ಮುದುಕಿಯ ಹಾಗೆ. ಅಕ್ಕ ಅದಕ್ಕೆ ಮುಸುಕಿನಮ್ಮ ಅಂತ ಹೆಸರಿಟ್ಟಿದ್ದಳು. ಇಡೀ ಬೆಟ್ಟದಲ್ಲಿ ಅವಳು ಕಂಡದ್ದು ಆ ಒಂದನ್ನೇ. ಯಾರಿಗೂ ಹೇಳಿರಲಿಲ್ಲ. ಬೇರೆಯವರ ಕಾಗದವನ್ನು ಒಡೆದು ನೋಡಿದವಳಲ್ಲ, ಇದನ್ನೂ ಹಾಗೇ ಕಾಪಾಡಿಕೊಂಡು ಬಂದಿದ್ದಳು.

ಕೆಲಸದ ಕೊನೆಯ ವಾರ ತಮ್ಮನನ್ನು ಕರೆದುಕೊಂಡು ಹೋಗಿ ತೋರಿಸಿದಳು. "ಇನ್ನು ನನ್ನ ಕೈಲಿ ಹತ್ತೋಕಾಗಲ್ಲ. ಒಂದು ಫೋಟೋ ತೆಗೆದುಕೊಡು. ವರ್ಷ ವರ್ಷ ನನ್ನ ಬದಲು ನೀನು ಬಂದು ನೋಡ್ಕೊಂಡು ಹೋಗು" ಅಂದಳು. ಇಷ್ಟು ಹೇಳಿ, ಮೇಲಿನ ಮನೆಗೆ ಕೊನೆಯ ಕಾಗದ ಕೊಟ್ಟು ಬರಲು ಹೋದಳು. "ಆಮೇಲೆ ಹಾದೀಲೇ ಕಾಯ್ತೀನಿ. ಈ ಏರು ಇನ್ನೊಂದ್ಸಲ ಆಗಲ್ಲ."

ಕಾಲರ್ ಮಂಡಿಯೂರಿ ಕ್ಯಾಮೆರಾ ಕಣ್ಣಿಗಿಟ್ಟ. ಒಂದು ಒಣ ಹುಲ್ಲುಕಡ್ಡಿ ಹೂವಿನ ಮುಖಕ್ಕೆ ಅಡ್ಡ ಬಂದಿತ್ತು. ಕಿತ್ತ. ಅದು ಹೋದ ಮೇಲೆ ಅದರ ಪಕ್ಕದ್ದು ಎದ್ದು ಕಂಡಿತು. ಅದನ್ನೂ ಕಿತ್ತ. ಕೈ ಕೆಲಸ ಕಲಿತದ್ದು ಹಾಗೆ, ಪಾಪ. ಒಂದು ಗಂಟೆ ಕಳೆಯುವಷ್ಟರಲ್ಲಿ ದಂಟಿನ ಸುತ್ತ ಊಟದ ತಟ್ಟೆಯಷ್ಟಗಲ ನೆಲ ಬೋಳಾಗಿತ್ತು. ತರಗೆಲೆ ತೆಗೆದ, ಪಾಚಿ ಎತ್ತಿದ. ಕೆಳಗಿನ ಹಸಿ ಮಣ್ಣಿನಲ್ಲಿ ಜೇಡರ ಬಲೆಯಂಥ ಬಿಳಿ ಎಳೆಗಳಿದ್ದವು. ಫೋಟೋದಲ್ಲಿ ಕೊಳೆಯಂತೆ ಕಂಡಾವು ಅಂತ ಲೆನ್ಸ್ ಒರೆಸುವ ಕುಂಚದಿಂದ ಅವನ್ನೂ ಗುಡಿಸಿದ. ಆಮೇಲೆ ಮೂವತ್ತು ಫೋಟೋ ತೆಗೆದ. ಒಂದಕ್ಕಿಂತ ಒಂದು ಚೆನ್ನಾಗಿ ಬಂದವು.

ಬೆಳಗಿನ ಬೆಳಕಲ್ಲಿ ಇನ್ನೊಂದಿಷ್ಟು ತೆಗೆಯೋಣ ಅಂತ ಎರಡು ದಿನ ಬಿಟ್ಟು ಒಬ್ಬನೇ ಹೋದ. ಬೋಳು ನೆಲ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಮುಸುಕಿನಮ್ಮ ಒಣಗಿ ಮಗ್ಗುಲಿಗೆ ಬಿದ್ದಿದ್ದಳು.

ಅವನು ಯಾರಿಗೂ ಹೇಳಲಿಲ್ಲ. ಮರುವರ್ಷ ಹೋದ, ಏನೂ ಇಲ್ಲ. ಕೆಳಗಿಳಿದರೆ ಅಕ್ಕ ಕಿಟಕಿಯಲ್ಲೇ ಕಾದಿದ್ದಳು. "ಬಂದಳಾ?" ಅಂದಳು. ಇವನ ಬಾಯಿಂದ "ಬಂದಿದಾಳೆ" ಅಂತ ಬಂದುಬಿಟ್ಟಿತು. ಹಳೆಯ ಮೂವತ್ತರಲ್ಲಿ ಇನ್ನೊಂದನ್ನು ಪ್ರಿಂಟ್ ಹಾಕಿ ಕೊಟ್ಟ. ಅದರ ಮರುವರ್ಷವೂ ಅದೇ ಕಥೆ. ಅಕ್ಕ ಮೊದಲನೆಯದೂ ಸೇರಿ ಮೂರನ್ನೂ ಮಂಚದ ತಲೆಯ ಹತ್ತಿರ ಸಾಲಾಗಿ ಅಂಟಿಸಿಕೊಂಡಳು. ಕೆಳಗೆ ಸ್ಟುಡಿಯೋದ ಗೋಡೆಯಲ್ಲಿ ದೊಡ್ಡದಾಗಿ ಕಟ್ಟು ಹಾಕಿಸಿದ್ದ ಫೋಟೋ ನೋಡಿದವರೆಲ್ಲ ಬೆರಗಾಗುತ್ತಿದ್ದರು. "ಎಷ್ಟು ಚೊಕ್ಕಟವಾಗಿದೆ! ಹೂವನ್ನ ಇಲ್ಲಿಗೇ ತಂದು ಕೂರಿಸಿದ್ರಾ?" ಅಂತ ಶಾಲೆಯ ಟೀಚರಮ್ಮ ಕೇಳಿದರು. ಅವನು ಆಗಲೇ ಸರಿಯಾಗಿದ್ದ ಅವರ ಕಾಲರನ್ನು ಮತ್ತೆ ಸರಿಮಾಡಿದ.

ಮೂರನೆಯ ವರ್ಷ ಬಂತು. ಹೂವಿನ ಕಾಲ. ಅವನು ಹತ್ತಿದ, ನೋಡಿದ, ಬರಿಗೈಲಿ ಇಳಿದ. ಈ ಸಲ ನೇರ ಅಕ್ಕನ ಕೋಣೆಗೆ ಮೆಟ್ಟಿಲು ಹತ್ತಿದ. ಅಕ್ಕ ಬಾಯಿ ತೆರೆಯುವ ಮೊದಲೇ ನೆಲದ ಮೇಲೆ ಕೂತುಬಿಟ್ಟ.

"ಅಕ್ಕ, ಅವಳು ಬಂದಿಲ್ಲ. ಹೋದ ವರ್ಷಾನೂ ಬಂದಿರಲಿಲ್ಲ. ಅದರ ಹಿಂದಿನ ವರ್ಷಾನೂ ಇಲ್ಲ. ನಾನೇ ಕೊಂದೆ."

ಹುಲ್ಲು ಕಿತ್ತದ್ದು, ಮಣ್ಣು ಗುಡಿಸಿದ್ದು, ಸುಳ್ಳು ಹೇಳಿದ್ದು, ಎಲ್ಲ ಹೇಳಿದ. ಮುಗಿದ ಮೇಲೆ ಅಕ್ಕ ಗೋಡೆಯ ಫೋಟೋಗಳ ಕಡೆ ಕೈ ತೋರಿಸಿದಳು.

"ಇಷ್ಟು ವರ್ಷ ನೋಡಿದೀನಿ, ಅವಳ ಪಾದ ನನಗೆ ಒಂದು ಸಲಾನೂ ಕಂಡಿರಲಿಲ್ಲ. ಯಾವತ್ತೂ ಹುಲ್ಲಲ್ಲಿ ಮುಚ್ಚಿಕೊಂಡೇ ನಿಂತಿರೋಳು. ನಿನ್ನ ಮೊದಲನೇ ಫೋಟೋದಲ್ಲೇ ಪಾದ ಕಾಣಿಸ್ತು. ನನ್ನ ತಮ್ಮ ಅಲ್ಲೂ ಕಾಲರ್ ಸರಿಮಾಡಿದಾನೆ ಅಂತ ಅವತ್ತೇ ಗೊತ್ತಾಯ್ತು."

"ಗೊತ್ತಿತ್ತಾ?"

"ಮತ್ತೆ? ಆ ಇರುವೆ ನೋಡು. ಮೂರು ವರ್ಷವೂ ಅದೇ ದಂಟನ್ನ ಅದೇ ಇರುವೆ ಹತ್ತುತ್ತಾ ಇದೆ. ಒಂದೋ ಅದು ಲೋಕದಲ್ಲೇ ಸೋಮಾರಿ ಇರುವೆ, ಇಲ್ಲಾ ನನ್ನ ತಮ್ಮ ಸುಳ್ಳ."

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಬೈಯಲ್ವಾ ಅಕ್ಕ?"

"ಯಾವ ಬಾಯಲ್ಲಿ ಬೈಯಲಿ?" ಅಕ್ಕ ಮಂಡಿ ನೀವಿಕೊಂಡಳು. "ಕೆಲಸಕ್ಕೆ ಸೇರಿ ಮೂರನೇ ವರ್ಷ ಅವಳನ್ನ ಮೊದಲು ಕಂಡೆ. ಕಂಡವಳೇ ಕಿತ್ತೆ. ದೇವರು ಕೆಲಸ ಕೊಟ್ಟನಲ್ಲ, ಅವನ ಮುಂದೆ ಇಡೋಣ ಅಂತ. ಮನೆಗೆ ಬರೋಷ್ಟರಲ್ಲಿ ಬಾಡಿತ್ತು. ಬಾಡಿದ್ದನ್ನೇ ಇಟ್ಟೆ. ಆಮೇಲೆ ನಾಲ್ಕು ವರ್ಷ ಪತ್ತೆ ಇಲ್ಲ. ವರ್ಷ ವರ್ಷ ಆ ಜಾಗದಲ್ಲಿ ನಿಂತು ತಪ್ಪಾಯ್ತು ಅಂತ ಹೇಳಿ ಬರ್ತಿದ್ದೆ. ಐದನೇ ವರ್ಷ ಬಂದಳು."

"ಎಲ್ಲಿ ಹೋಗಿದ್ದಳು?"

"ಎಲ್ಲೂ ಇಲ್ಲ. ಅಲ್ಲೇ ಮಣ್ಣೊಳಗೆ ಗೆಡ್ಡೆಯಾಗಿ ಮಲಗಿದ್ದಳು. ಅರಣ್ಯ ಇಲಾಖೆಯ ಒಬ್ಬರು ಹೇಳಿದ್ರು, ಇಂಥ ಗಿಡ ಮೇಲೆ ತಲೆ ಹಾಕದೆ ವರ್ಷಗಟ್ಟಲೆ ಇರುತ್ತಂತೆ. ನೀನು ಗುಡಿಸಿದೆಯಲ್ಲ ಬಿಳೀ ಎಳೆ, ಅಣಬೆ ಜಾತೀದಂತೆ, ಅವೇ ಕತ್ತಲಲ್ಲಿ ಅವಳಿಗೆ ಊಟ ಕೊಡೋದು. ಮೇಲಿಂದ ಒಂದಿಷ್ಟು ಹೋದರೆ ಒಳಗೆ ಇನ್ನೊಂದಿಷ್ಟು ಇಟ್ಟಿರ್ತಾನೆ ಆ ದೇವರು. ಸರಿ, ಇವತ್ತು ನೀನು ಏನು ಹುಡುಕಿದೆ?"

"ಹೂವು."

"ಅಯ್ಯೋ ಮಂಕೇ! ಬಾಣಂತಿ ಹೊಸಿಲು ದಾಟಿದ ದಿನವೇ ಓಡ್ತಾಳಾ? ಮೊದಲ ವರ್ಷ ಬರೀ ಎಲೆ ಬರೋದು. ನಾಳೆ ಹೋಗು. ಹೊಟ್ಟೆ ಮೇಲೆ ಮಲಕ್ಕೊಂಡು ನೋಡು. ಹುಲ್ಲು ಮುಟ್ಟಬೇಡ. ಕೈ ತಡೀದಿದ್ರೆ ಜೇಬಲ್ಲಿ ಇಟ್ಕೋ."

ಮರುದಿನ ಬೆಳಕು ಹರಿಯುವಾಗಲೇ ಅವನು ಅಲ್ಲಿದ್ದ. ಅವನು ಬೋಳಿಸಿದ್ದ ಜಾಗ ಯಾವುದು ಅಂತ ಗುರುತೇ ಸಿಗದಷ್ಟು ಹುಲ್ಲು ಬೆಳೆದಿತ್ತು. ಪಕ್ಕದ ಬಂಡೆಯ ಅಂದಾಜಿನ ಮೇಲೆ ಸ್ವಲ್ಪ ದೂರದಲ್ಲೇ ಬೋರಲಾಗಿ ಮಲಗಿದ. ಇಬ್ಬನಿ ಅಂಗಿಯೊಳಗೆ ಇಳಿಯಿತು. ಮೂಗಿನ ಮುಂದೆಯೇ ಕಡ್ಡಿಗಳು, ಕಡ್ಡಿಗಳ ಹಿಂದೆ ಕಡ್ಡಿಗಳು. ಬೆರಳು ನವೆಯಾದ ಹಾಗೆ ಚಡಪಡಿಸಿದವು. ಹೊಟ್ಟೆಯ ಕೆಳಗೆ ಸಿಕ್ಕಿಸಿಕೊಂಡ. ಸ್ಟುಡಿಯೋದಲ್ಲಿ ಜನರನ್ನು ಅವನು ಇಷ್ಟು ಹೊತ್ತು ನೋಡಿದ್ದೇ ಇಲ್ಲ. ಸರಿಮಾಡುವುದರಲ್ಲೇ ಹೊತ್ತು ಹೋಗುತ್ತಿತ್ತು.

ಬಿಸಿಲು ಓರೆಯಾಗಿ ಒಳನುಗ್ಗಿದಾಗ ಕಂಡಿತು. ಹುಲ್ಲಿನ ಬುಡದಲ್ಲಿ, ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಾದ, ಚಮಚದಂತೆ ಒಳಗೆ ಬಾಗಿದ ಒಂದೇ ಒಂದು ಎಲೆ. ಸುತ್ತಲಿನ ಹಸಿರಿಗಿಂತ ತುಸು ತಿಳಿ. ಅದರ ಬೋಗುಣಿಯಲ್ಲಿ ಒಂದು ಹನಿ ನೀರು.

"ಬಂದಿದೀಯಾ ತಾಯಿ" ಅಂದ. ತಪ್ಪಾಯ್ತು ಅನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಬಾಯಿಗೆ ಬಂದದ್ದು ಮಾತ್ರ ಬೇರೆ. "ನಿನ್ನ ಉಪಕಾರ, ನಿನ್ನ ಉಪಕಾರ" ಅಂತ ಎಷ್ಟು ಸಲ ಅಂದನೋ. ಹೂವಿಗೆ ಅಂದನೋ, ಅದನ್ನು ಮಣ್ಣೊಳಗೆ ಸಾಕಿದವನಿಗೆ ಅಂದನೋ, ಅವನಿಗೂ ಗೊತ್ತಿರಲಿಲ್ಲ. ಕ್ಯಾಮೆರಾ ಎತ್ತಿ ಒಂದೇ ಫೋಟೋ ತೆಗೆದ. ಕಡ್ಡಿಗಳು ಅಡ್ಡ ಬಂದವು, ಬರಲಿ. ಎಲೆಯ ತುದಿ ಮಸುಕಾಯಿತು, ಆಗಲಿ.

ಮಧ್ಯಾಹ್ನ ಪ್ರಿಂಟ್ ಹಾಕಿ ಮೇಲೆ ತಂದ. ಅಕ್ಕ ಕಿಟಕಿಯ ಬೆಳಕಿಗೆ ಹಿಡಿದಳು.

"ಇದರಲ್ಲಿ ಎಲ್ಲಿದಾಳೆ? ಹುಲ್ಲಿನ ಹೊರೆ ಫೋಟೋ ತೆಗೆದು ತಂದಿದೀಯಲ್ಲೋ!"

ಅವನು ಬೆರಳಿಟ್ಟು ತೋರಿಸಿದ. ಅಕ್ಕ ನೋಡಿದಳು, ಫೋಟೋವನ್ನು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಆಮೇಲೆ ಸ್ಟುಡಿಯೋದ ಭೂತಗನ್ನಡಿ ತರಿಸಿಕೊಂಡು ಮೂಲೆಯಿಂದ ಮೂಲೆಗೆ ಓದತೊಡಗಿದಳು, ವಿಳಾಸ ಅಳಿಸಿದ ಕಾಗದ ಓದುವ ಹಾಗೆ. ಎಡಗಡೆಯ ಅಂಚಿಗೆ ಬಂದು ಕನ್ನಡಿ ನಿಂತಿತು.

"ಹಾಗಾದ್ರೆ ಇದು ಯಾರು?"

"ಅದು ಹುಲ್ಲು ಅಕ್ಕ."

"ಹುಲ್ಲಿಗೆ ಇಷ್ಟಗಲ ಎಲ್ಲಿಂದ ಬರ್ಬೇಕು? ಬಾಗಿರೋದು ನೋಡು. ಅದೇ ಚಮಚ."

ಅವನು ಬಗ್ಗಿ ನೋಡಿದ. ಕಡ್ಡಿಗಳ ಸಂದಿಯಲ್ಲಿ, ಮೊದಲನೆಯದಕ್ಕಿಂತ ಒಂದು ಗೇಣು ಆಚೆ, ಇನ್ನೊಂದು ಎಲೆ. ಇನ್ನೂ ಚಿಕ್ಕದು. ಕಣ್ಣೆದುರೇ ಇದ್ದರೂ ಅವನು ನೋಡಿರಲಿಲ್ಲ. ಕೈ ತಡೆದುಕೊಳ್ಳದೆ ಹೋಗಿದ್ದರೆ ಮೊದಲು ಕಿತ್ತು ಬರುತ್ತಿದ್ದದ್ದು ಅದೇ.

"ಮೂವತ್ತು ವರ್ಷದಿಂದ ಒಬ್ಬಳೇ ಅಂದುಕೊಂಡಿದ್ದೆ" ಅಂದಳು ಅಕ್ಕ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. "ಯಾವಾಗಲೋ ಬೀಜ ಚೆಲ್ಲಿದಾಳೆ. ಒಂಟಿ ಇದ್ದಾಳಲ್ಲ ಅಂತ ನಾನು ಎಷ್ಟು ಸಲ ಮರುಗಿದೀನಿ, ತಮ್ಮಾ."

ಕೆಳಗೆ ಯಾರೋ ಗಿರಾಕಿ ಬಾಗಿಲು ತಟ್ಟಿದರು. ಕಾಲರ್ ಏಳಲಿಲ್ಲ.

"ಮುಂದಿನ ವರ್ಷ ಹೋದಾಗ ನೋಡಿ ಮಲಕ್ಕೋ" ಅಂದಳು ಅಕ್ಕ, ಮೂಗೊರೆಸಿಕೊಂಡು. "ಈಗ ಇಬ್ಬರಿಗೆ ಜಾಗ ಬಿಡಬೇಕು."