ಪುಹೆತಿನಿಯ ಹೆಸರು

ಕಾಗದದ ಮೇಲಿನ ಸಹಿಯ ಗೀಟನ್ನು ಫ್ರೆಂಚ್ ಅಧಿಕಾರಿ ಮೂರನೆಯ ಸಲ ತೋರಿಸಿದಾಗ ತಹಿಯಾಪುವಿಗೆ ತಲೆ ಚಿಟ್ಟುಹಿಡಿಯಿತು. ಗಂಡ ಪುಹೆತಿನಿ ತೀರಿಕೊಂಡು ವರ್ಷವಾಗಿತ್ತು. ದಡದ ದೀವಿಹಲಸಿನ ತೋಪು ಅವನದು. ಅಲ್ಲಿನ ಹಿರಿಯ ಮರದ ಪೊಟರೆಯಲ್ಲಿ ಅವನ ಮೂಳೆಗಳನ್ನು ಅವಳೇ ಕೈಯಾರೆ ಇಟ್ಟಿದ್ದಳು. ಆ ತೋಪನ್ನು ಕಡಿದು ಕೋಟೆ ಕಟ್ಟಲು ಪುಹೆತಿನಿಯೇ ಒಪ್ಪಿ ಗೀಟೆಳೆದಿದ್ದಾನೆ ಎಂದು ಅಧಿಕಾರಿಯ ವಾದ.

ನಿಜವಾಗಿ ಎಳೆದವನು ಆಬ್ನರ್. ತಿಮಿಂಗಿಲ ಬೇಟೆಯ ಹಡಗಿನಿಂದ ಈ ದ್ವೀಪಕ್ಕೆ ಓಡಿಬಂದು ನಾಲ್ಕು ವರ್ಷ ಈ ಕಣಿವೆಯ ಅನ್ನ ಉಂಡವನು. ಅವನೂ ಪುಹೆತಿನಿಯೂ ದೇವರ ಕಟ್ಟೆಯ ಮುಂದೆ ಹೆಸರು ಬದಲಿಸಿಕೊಂಡಿದ್ದರು. ಅಂದಿನಿಂದ ಒಬ್ಬನ ಮನೆ, ನೆಲ, ತಾಯಿ ಇನ್ನೊಬ್ಬನಿಗೂ ಸೇರಿದ್ದು. ಈಗ ಫ್ರೆಂಚರ ಹಡಗಿನಲ್ಲಿ ತನ್ನ ಊರಿಗೆ ಮರಳುವ ಆಸೆಗೆ ಆ ಹೆಸರಿನಲ್ಲಿ ಗೀಟೆಳೆದಿದ್ದ.

"ಒಂದೇ ಮಾತು ಹೇಳಜ್ಜಿ," ಎಂದ ಅಧಿಕಾರಿ, ಪಕ್ಕದಲ್ಲಿ ನಿಂತಿದ್ದ ಆಬ್ನರನತ್ತ ಬೆರಳು ಮಾಡಿ, ಕಣಿವೆಯ ಭಾಷೆಯನ್ನು ಮುರಿಮುರಿದು. "ಇವನು ಪುಹೆತಿನಿ ಹೌದೋ ಅಲ್ಲವೋ?"

"ಅಲ್ಲ ಅನ್ನು ಅತ್ತಿಗೆ! ಅಷ್ಟಕ್ಕೆ ಬಾಯಿ ಸವೆಯುತ್ತಾ?" ನಾದಿನಿ ಮೊಎತುವಾ ತಿವಿದಳು.

"ನೀನು ಸುಮ್ನಿರೇ. ನಿನ್ನಣ್ಣ ದೇವರ ಮುಂದೆ ಕೊಟ್ಟಿದ್ದನ್ನ ನಾನು ಕಿತ್ಕೊಳ್ಳಲಾ?" ತಹಿಯಾಪು ಅಧಿಕಾರಿಯತ್ತ ತಿರುಗಿದಳು. "ಹೌದಪ್ಪಾ, ಇವನೇ ಪುಹೆತಿನಿ."

"ಹಾಗಾದ್ರೆ ಮುಗೀತು."

"ಎಲ್ಲಿ ಮುಗೀತು? ಯಾರೂ ಮುಟ್ಟಬಾರದು ಅಂತ ಬಿಳಿ ಬಟ್ಟೆ ಕಟ್ಟಿ ತೋಪು ಮುಚ್ಚಿದವನೂ ಪುಹೆತಿನೀನೇ. ಮುಚ್ಚಿದವನೇ ಬಿಚ್ಚಿ ಮೊದಲ ಏಟು ಹಾಕ್ಬೇಕು. ಬಾರೋ, ಕೊಡಲಿ ತಗೋ. ನಿನ್ನ ಮೂಳೆ ಇರೋ ಮರ, ನೀನೇ ಕಡಿ."

ಆಬ್ನರ್ ಕೊಡಲಿ ಹಿಡಿದು ಮರದ ಬುಡಕ್ಕೆ ಹೋದ. ಎತ್ತಿದ. ಇಳಿಸಿದ.

"ಆಗಲ್ಲ ತಹಿಯಾ."

"ಯಾಕಾಗಲ್ಲ? ಗೀಟೆಳೆಯೋಕೆ ಕೈ ಬಂತಲ್ಲ!"

ಅವನು ಕೊಡಲಿ ಕೆಳಗಿಟ್ಟ. "ನಾನು ಪುಹೆತಿನಿ ಅಲ್ಲ ಸ್ವಾಮಿ. ಆಬ್ನರ್. ಹಡಗು ಬಿಟ್ಟು ಓಡಿಬಂದವನು. ಆ ಗೀಟು ಸುಳ್ಳು."

ಅಧಿಕಾರಿ ಕೆಂಪಾಗಿ ಕಾಗದವನ್ನು ಹರಿದೆಸೆದ. ಸಿಪಾಯಿಗಳು ಆಬ್ನರನನ್ನು ಹಿಡಿದು ದಡಕ್ಕೆ ನಡೆಸಿದರು. ಮೊಎತುವಾ ಚಪ್ಪಾಳೆ ತಟ್ಟಿದಳು. ತಹಿಯಾಪುವಿಗೆ ಮಾತ್ರ ಮೈಯೆಲ್ಲ ಉರಿಯಿತು. ಗಂಡನ ಹೆಸರು ಹೊತ್ತು ಉಸಿರಾಡುತ್ತಿದ್ದವನು ಇವನೊಬ್ಬ. ಅದನ್ನೂ ಮರದ ಬುಡದಲ್ಲಿ ಇಳಿಸಿಬಿಟ್ಟನಲ್ಲ, ದೇವರೇ!

"ಇದನ್ನ ಬೆಳಿಗ್ಗೇನೇ ಬೊಗಳೋಕೆ ಏನಾಗಿತ್ತೋ ನಿಂಗೆ, ದಡ್ಡ!"

ಅವನು ತಲೆ ತಗ್ಗಿಸಿ ಸಿಪಾಯಿಗಳ ದೋಣಿ ಹತ್ತಿದ. ಬಿಸಿಲು ಚುರುಗುಡುತ್ತಿತ್ತು. ಅವನ ನೆತ್ತಿ ಆಗಲೇ ಕೆಂಪಾಗಿತ್ತು. ತಹಿಯಾಪು ಮೊಣಕಾಲುದ್ದ ನೀರಿಗಿಳಿದು, ಹೆಗಲ ಬಟ್ಟೆಯನ್ನು ಮುದ್ದೆ ಮಾಡಿ ದೋಣಿಯೊಳಕ್ಕೆ ಎಸೆದಳು.

"ಏ ಪುಹೆತಿನಿ! ತಲೆಗೆ ಸುತ್ಕೊಳ್ಳೋ!"

ಅವನು ತಿರುಗಿ ನೋಡಿದ.